ಎದುರಾಳಿಯ ನಾಮಾಂಕಿತ

ಆ ದಿನ ಮೌನಪ್ಪ ಬಡಿಗೇರನ ಎಣಿಕೆ ಹನ್ನೊಂದಕ್ಕೇ ನಿಂತುಬಿಟ್ಟಿತು. ಆಗಬೇಕಾದದ್ದು ನಾನೂರು.

ಕೆಂಗುಂಡಿ ಆರೋಗ್ಯ ಕೇಂದ್ರದ ಹಿಂದಿನ ಕೋಣೆಯಲ್ಲಿ ಒಂದು ಗೋಡೆಗೆ ಗೋಡೆಯೇ ಪರದೆ. ಪರದೆಯ ಮೇಲೊಂದು ಕೋಟೆ, ಕೋಟೆಗೆ ಒಡೆದ ಅಗಸಿಬಾಗಿಲು, ಆ ಬಾಗಿಲಿನಿಂದ ಕತ್ತಿ ಹಿಡಿದು ನುಗ್ಗುವ ಸೈನಿಕರು. ಎದುರಿಗೆ ಐವತ್ತಾರು ವರ್ಷದ ಮೌನಪ್ಪ, ಬಲಗೈಗೆ ಭುಜದಿಂದ ಬೆರಳ ತುದಿಯವರೆಗೆ ಕಪ್ಪು ತೋಳುಚೀಲ ಹಾಕಿಕೊಂಡು ನಿಂತಿದ್ದ. ಸೈನಿಕ ಹತ್ತಿರ ಬಂದರೆ ಅವನು ಬಲಗೈ ಎತ್ತಬೇಕು. ಅದರ ಬದಲು ಸರಿಯಿದ್ದ ಎಡಗೈಯನ್ನು ಎತ್ತಿ, ಅಂಗೈ ತೋರಿಸಿ, ಸುಮ್ಮನೆ ನಿಲ್ಲುತ್ತಿದ್ದ. ಸೈನಿಕ ಬೀಸುತ್ತಿದ್ದ, ಪರದೆ ಕೆಂಪಾಗುತ್ತಿತ್ತು, ಆಟ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಇಪ್ಪತ್ತೊಂದು ದಿನದಿಂದ ಇದೇ ಪಾಡು.

ಆಟ ನಡೆಸುವ ಶಿವಲೀಲಾ ಹಡಪದ ತನ್ನ ಮೇಜಿನ ಮೇಲಿನ ಸಣ್ಣ ತೆರೆಯಲ್ಲಿ 'ಅಂಜಿಕೆ' ಎಂಬ ಗುರುತಿನ ಮೇಲೆ ಬೆರಳಿಟ್ಟಳು. ಎಡಗೈ ಅಡ್ಡ ಹಿಡಿಯುವುದು ಅಂಜಿಕೆಯಲ್ಲದೆ ಮತ್ತೇನು?

ಲಕ್ವಾ ಹೊಡೆದಾಗ ಕೈ ಸಾಯುವುದಿಲ್ಲ. ತಲೆಯಿಂದ ಕೈಗೆ ಹೋಗುವ ಆಜ್ಞೆಯ ದಾರಿ ಕೊಚ್ಚಿಹೋಗಿರುತ್ತದೆ. ಮಿದುಳು ಬೇರೆ ಕಾಲುಹಾದಿ ಹುಡುಕಿಕೊಳ್ಳಬೇಕು, ಮತ್ತು ಕಾಲುಹಾದಿ ಬೀಳಬೇಕಾದರೆ ಅದರ ಮೇಲೆ ದಿನಾ ಓಡಾಟ ಇರಬೇಕು. ರೋಗಿ ಮನಸ್ಸಿಟ್ಟು ಹೊಡೆಯಬೇಕೆಂದುಕೊಂಡರೆ ಅವನ ತೋಳಿನ ಸ್ನಾಯುವಿನಲ್ಲಿ ಇರುವೆ ಹರಿದಷ್ಟು ಕಂಪನ ಹುಟ್ಟುತ್ತದೆ. ತೋಳುಚೀಲ ಅದನ್ನು ಹಿಡಿದು, ಸಣ್ಣ ವಿದ್ಯುತ್ತಿನ ಆಸರೆ ಕೊಟ್ಟು, ಏಟನ್ನು ಮುಗಿಸುತ್ತದೆ. ಹೊರಗಿನಿಂದ ಯಾರೋ ಕೈ ಎತ್ತಿಕೊಟ್ಟರೆ ಹಾದಿ ಬೀಳದು, ಆಜ್ಞೆ ಅವನದೇ ಆಗಿರಬೇಕು. ಮೊದಲ ತೊಂಬತ್ತು ದಿನ ಮಿದುಳು ಕುಂಬಾರನ ಹಸಿ ಮಣ್ಣಿನಂತೆ. ಆಮೇಲೆ ಮಣ್ಣು ಬಿಗಿಯುತ್ತದೆ.

ದಿನಕ್ಕೆ ನಾನೂರು ಸಲ ಸುಮ್ಮನೆ ಕೈ ಎತ್ತು ಎಂದರೆ ಯಾವ ಮನುಷ್ಯನೂ ಎತ್ತುವುದಿಲ್ಲ. ಅದಕ್ಕೇ ಆಟ. ಆದರೆ ಬರೀ ಹೊಡೆದಾಟ ಕೊಟ್ಟರೆ ವಾರದೊಳಗೆ ಬೇಸರ ಬಂದು ಮನೆಯಲ್ಲೇ ಕೂತುಬಿಡುತ್ತಾರೆ. ಬರೀ ಕಥೆ ಕೊಟ್ಟರೆ ಸಿನಿಮಾಕ್ಕೆ ಬಂದವರ ಹಾಗೆ ಕಣ್ಣರಳಿಸಿ ನೋಡುತ್ತಾ ಕೈಯನ್ನೇ ಮರೆಯುತ್ತಾರೆ. ಕಥೆಯೆಷ್ಟು, ಕಾಳಗವೆಷ್ಟು ಎಂದು ರೋಗಿಯ ನಾಡಿ ನೋಡಿ ಯಂತ್ರವೇ ತೂಗಿ ಹಾಕುತ್ತಿತ್ತು. ಆ ತಕ್ಕಡಿಯ ಮೇಲೆ ಒಂದು ಕೈ ಇಟ್ಟುಕೊಂಡಿರುವುದೇ ಶಿವಲೀಲಾಳ ನೌಕರಿ. ಸುತ್ತಲಿನ ಹನ್ನೆರಡು ಹಳ್ಳಿಯವರು ಅವಳನ್ನು ಆಟದಕ್ಕ ಎನ್ನುತ್ತಿದ್ದರು. ಅವಳ ಹೆಸರು ಕೇಳುವ ಪ್ರಸಂಗ ಯಾರಿಗೂ ಬಂದಿರಲಿಲ್ಲ.

ಮೌನಪ್ಪನ ಹೆಂಡತಿ ಕಾಳವ್ವ ಬಾಗಿಲಲ್ಲಿ ಥರ್ಮಾಸ್ ಹಿಡಿದು ಕೂತಿದ್ದಳು. ದಿನಾ ಆಟ ಮುಗಿದ ಮೇಲೆ ಗಂಡನಿಗೆ ಎರಡು ಗುಟುಕು ಚಹಾ ಕುಡಿಸಿ, ಹಾಲಗಟ್ಟಿಯ ಬಸ್ಸು ಹತ್ತಿಸುವುದು ಅವಳ ರೂಢಿ.

"ಆಟದಕ್ಕಾ, ಇವತ್ತೂ ಮುಖ ಸಣ್ಣದು ಮಾಡೀರಲ್ಲ."

"ಹನ್ನೊಂದು, ಕಾಳವ್ವ. ಯಜಮಾನರು ಕೈನ ಎತ್ತವಲ್ರು. ಕಥಿ ಬಂದ್ರ ಗೋಣು ಹಾಕ್ಕೋಂತ ಕೇಳ್ತಾರ. ವೈರಿ ಬಂದ್ರ ಕಲ್ಲಾಗಿಬಿಡ್ತಾರ."

ಮೌನಪ್ಪ ಇಬ್ಬರನ್ನೂ ನೋಡಿ ಏನೋ ಹೇಳಲು ಬಾಯಿ ತೆರೆದ. "ಹ… ಹ…" ಎಂದಷ್ಟೇ ಬಂತು. ಲಕ್ವಾ ಕೈಯೊಂದಿಗೆ ಮಾತನ್ನೂ ಒಯ್ದಿತ್ತು. ಅವನು ಕಣ್ಣು ಮುಚ್ಚಿಕೊಂಡ.

ಆ ಭಾನುವಾರ ಶಿವಲೀಲಾ ಕಾರಣ ಹುಡುಕಿಕೊಂಡು ಹಾಲಗಟ್ಟಿಗೆ ಹೋದಳು. ಬಡಿಗೇರ ಮನೆಯ ಪಡಸಾಲೆಯೇ ಕೆಲಸದ ಕೊಟ್ಟಿಗೆ. ಅರ್ಧ ಕೊರೆದ ಬಾಗಿಲ ಚೌಕಟ್ಟೊಂದು ಗೋಡೆಗೆ ಒರಗಿತ್ತು, ಅದರ ಮೇಲೆ ಧೂಳು. ಬಾಚಿ, ಉಳಿ, ಕರಗಸಗಳನ್ನು ಕಾಳವ್ವ ಎಣ್ಣೆ ಸವರಿ ಸಾಲಾಗಿ ತೂಗುಹಾಕಿದ್ದಳು. ಅವುಗಳ ಮೇಲ್ಗಡೆ, ಜಂತಿಯ ಕೆಳಗೆ, ಕಟ್ಟಿಗೆಯಲ್ಲಿ ಕೆತ್ತಿ ಬೇಗಡೆ ಹಚ್ಚಿದ ಒಂದು ಕಿರೀಟ, ಎರಡು ಭುಜಕೀರ್ತಿ.

"ಇವು ಯಾರವು?"

"ಅವರವ ರೀ. ತಾವ ಕೆತ್ತಿಕೊಂಡದ್ದು. ಮೂವತ್ತು ವರ್ಷ ದೊಡ್ಡಾಟದಾಗ ರಾಜನ ಪಾರ್ಟು." ಕಾಳವ್ವನ ಮುಖ ಅರಳಿತು. "ನಿಮ್ಮ ಗ್ವಾಡಿಮ್ಯಾಲಿನ ಆಟ ನೋಡಿ ನಾನು ನಕ್ಕೇನ್ರಿ. ಸಿಟ್ಟ ಮಾಡಬ್ಯಾಡ್ರಿ ಮತ್ತ. ಅದೇನು ಕಾಳಗರೀ? ಬಂದಾಂವ ಯಾರು ಅಂತ ಗೊತ್ತಿಲ್ಲ, ಕುಲ ಗೊತ್ತಿಲ್ಲ, ಊರು ಗೊತ್ತಿಲ್ಲ. ಬಂದಂವನ ಹೊಡಿ, ಬಂದಂವನ ಹೊಡಿ. ಸಂತ್ಯಾಗ ನಾಯಿ ಹೊಡದಂಗ!"

"ಅಂದ್ರ?"

"ನಮ್ಮೂರ ಆಟದಾಗ ಎದುರ ನಿಂತಾಂವ ತನ್ನ ನಾಮಾಂಕಿತ ಹೇಳೂತನಕ ಅವನ ಮ್ಯಾಲೆ ಕೈ ಮಾಡಂಗಿಲ್ರಿ. ಎಡಗೈ ಹಿಂಗ ಎತ್ತಿ ತಡೀತಾರ." ಕಾಳವ್ವ ಅಂಗೈ ತೋರಿಸಿ ನಿಂತಳು. ಥೇಟು ಪರದೆಯ ಮುಂದಿನ ಮೌನಪ್ಪ. "ಅಂವ ಹೆಸರು, ತಂದಿ, ಊರು ಎಲ್ಲಾ ಹೇಳಬೇಕು. ಆಮ್ಯಾಲೆ ಕಾದಬೇಕು. ಕಾದಿದ ಮ್ಯಾಲೆ ಬಣ್ಣದ ಮನ್ಯಾಗ ಕುಂತು ಕೂಡೇ ಚಹಾ ಕುಡೀಬೇಕು. ಒಂದ ವರ್ಷ ಅಡಿವೆಪ್ಪ ಅನ್ನಾಂವ ರಾಕ್ಷಸನ ಪಾರ್ಟು ಹಾಕಿ ತನ್ನ ಕುಲಾನ ಮರತಬಿಟ್ಟ. ಆಟ ನಡಸೋ ಸಾರಥಿ ಕಿವ್ಯಾಗ ಊದಿದ, ತಲಿಗೆ ಬರಲಿಲ್ಲ. ಇವರು ಕೈ ಎತ್ತಿ ನಿಂತವರು ನಿಂತ ಬಿಟ್ರು. ಮಂದಿ ಎಲ್ಲಾ 'ಹೊಡಿಯೋ ಮೌನ್ಯಾ' ಅಂತ ಒದರತಾರ. ಊಹೂಂ. ಕಡೀಕ ಅಡಿವೆಪ್ಪ ಅಳಮೋರೆ ಮಾಡಿ, 'ನಾನು ಅಡಿವೆಪ್ಪ, ಯಲ್ಲಪ್ಪನ ಮಗ, ಸೊಸೈಟ್ಯಾಗ ರೇಷನ್ ತೂಗಾಂವ' ಅಂದ. ಆವಾಗ ಹೊಡದ್ರು ನೋಡ್ರಿ!"

ಹೊರಸಿನ ಮೇಲೆ ಕೂತಿದ್ದ ಮೌನಪ್ಪನ ತುಟಿಯ ಒಂದು ಬದಿ ನಕ್ಕಿತು. ಶಿವಲೀಲಾಳಿಗೆ ನಗು ಬರಲಿಲ್ಲ. ಇಪ್ಪತ್ತೊಂದು ದಿನದ 'ಅಂಜಿಕೆ'ಗಳೆಲ್ಲ ಕಣ್ಣ ಮುಂದೆ ಬಂದವು. ಹಸಿ ಮಣ್ಣಿನ ಇಪ್ಪತ್ತೊಂದು ದಿನ.

ಮರುದಿನ ಅವಳು ಧಾರವಾಡದ ಪ್ರಯೋಗಶಾಲೆಗೆ ಹೋದಳು. ಆಟ ಕಟ್ಟಿದ್ದು ಅಲ್ಲಿನ ತರನ್ನುಮ್ ಮೇಡಂ. ಅವರು ಕನ್ನಡಕವನ್ನು ತಲೆಗೇರಿಸಿಕೊಂಡು ಎಲ್ಲ ಕೇಳಿದರು.

"ಶಿವಲೀಲಾ, ಹೆಸರಿಲ್ಲದವರನ್ನ ಹೊಡಿಯೋದು ಹಗುರ. ನಮ್ಮ ಕಸುಬಿನ್ಯಾಗ ಇದು ಮೊದಲನೇ ಪಾಠ. ನಾಯಕನಿಗೆ ಕಥಿ ಕೊಡು, ದೊಡ್ಡ ವೈರಿಗೆ ಕಥಿ ಕೊಡು, ನಡುವಿನ ಸೈನಿಕರಿಗೆ ಕೊಡಬ್ಯಾಡ. ಕೊಟ್ಟರ ಆಡೋರ ಕೈ ತಡೀತದ. ನಿಮ್ಮಾಂವ ಉಲ್ಟಾ ಇದ್ದಾನ. ಕೊಡದಿದ್ರ ಕೈ ಏಳೂದಿಲ್ಲ."

"ಕೊಟ್ಟು ನೋಡೂಣ್ರಿ ಮೇಡಂ. ಒಬ್ಬೊಬ್ಬನೂ ಬಂದು ಹೆಸರು ಹೇಳ್ಲಿ."

"ಹೊತ್ತು ಎಲ್ಲೈತಿ? ದಿನಕ್ಕ ಒಂದ ತಾಸು. ಹೇಳಾಕ ಒಬ್ಬೊಬ್ಬನಿಗೂ ಅರ್ಧ ನಿಮಿಷ ಬೇಕು." ಅವರು ಹಾಳೆ ತೆಗೆದುಕೊಂಡು ಗೀಚಿದರು. "ಸೈನಿಕರನ್ನ ಕಡಿಮಿ ಮಾಡೋಣ. ಇಪ್ಪತ್ತು ಮಂದಿ. ಒಬ್ಬೊಬ್ಬ ಇಪ್ಪತ್ತು ಏಟಿಗೆ ಬೀಳ್ಲಿ. ಹೆಸರು, ಊರು ಎಲ್ಲಾ ಯಂತ್ರನ ಹುಟ್ಟಿಸ್ತದ, ದಿನಾ ಹೊಸಾವು."

ಇಪ್ಪತ್ತೇಳನೆಯ ದಿನ ಅಗಸಿಯಿಂದ ಒಬ್ಬನೇ ಒಬ್ಬ ಸೈನಿಕ ಹೊರಬಂದ. ಮೌನಪ್ಪ ಎಡಗೈ ಎತ್ತಿದ. ಸೈನಿಕ ನಿಂತ. "ನಾನು ಮುದ್ದಿನಕೊಪ್ಪದ ಮಾಳಿಂಗ. ಕರಿಭೀಮನ ಮಗ. ಕುರಿ ಕಾಯುವವನು" ಎಂದ.

ಮೌನಪ್ಪನ ಎದೆ ಉಬ್ಬಿ ನಿಂತದ್ದನ್ನು ಶಿವಲೀಲಾ ನೋಡಿದಳು. ಎಡಗೈ ಕೆಳಗಿಳಿಯಿತು. ಬಲ ಭುಜ ಅದುರಿತು. ತೋಳುಚೀಲದ ದೀಪ ಹಸಿರಾಯಿತು, ಕೈ ಎದ್ದಿತು, ಬಿದ್ದಿತು. ಒಂದು. ಎರಡು. ಮೂರು. ಬಾಗಿಲಲ್ಲಿ ಕಾಳವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಆ ದಿನ ಎಣಿಕೆ ಎಪ್ಪತ್ತು. ವಾರದೊಳಗೆ ಇನ್ನೂರು ದಾಟಿತು. ನಲವತ್ತನೆಯ ದಿನದ ಹೊತ್ತಿಗೆ ಮೌನಪ್ಪ ಬಲಗೈಯ ನಾಲ್ಕು ಬೆರಳು ಮಡಚಿ ಟವೆಲ್ಲು ಹಿಡಿದ. ಕಾಳವ್ವ ಆಟದಕ್ಕನಿಗೆಂದು ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂದಳು. ಹೆಬ್ಬೆರಳೊಂದು ಮಾತ್ರ ಅಂಗೈಯ ಪಕ್ಕ ಸತ್ತ ಮೀನಿನ ಹಾಗೆ ಬಿದ್ದಿತ್ತು. "ಅದೊಂದು ಬಂದ್ರ ಬಾಚಿ ಹಿಡೀತಾರ" ಎಂದಳು ಕಾಳವ್ವ. ಹೆಬ್ಬೆರಳಿಲ್ಲದೆ ಬಾಚಿ ಇಲ್ಲ, ಬಾಚಿ ಇಲ್ಲದೆ ಬಡಿಗ ಇಲ್ಲ. ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಈ ನಡುವೆ ಯಂತ್ರ ತನ್ನದೇ ಒಂದು ಲೆಕ್ಕ ಕಂಡುಕೊಂಡಿತ್ತು. ಸೈನಿಕ ತನ್ನ ಬಗ್ಗೆ ಹೆಚ್ಚು ಹೇಳಿದಷ್ಟೂ ಮೌನಪ್ಪನ ತೋಳಿನ ಆಜ್ಞೆ ಬಲವಾಗುತ್ತಿತ್ತು. ಹಾಗಾಗಿ ಅದು ಹೆಚ್ಚು ಹೆಚ್ಚು ಹೇಳಿಸತೊಡಗಿತು. ಮಗ್ಗ ಬಿಟ್ಟು ಬಂದ ನೇಕಾರ ದಾನಪ್ಪ, ಹೆಂಡತಿಗೆ ಒಂಬತ್ತು ತಿಂಗಳು. ಅಂಬಿಗರ ಭೀಮಸಿ, ಹೊಳೆಯ ಆಚೆ ದಡದಲ್ಲಿ ಕುರುಡು ತಾಯಿ. ಶಿವಲೀಲಾ ತಕ್ಕಡಿಯ ಮೇಲಿನ ಕೈ ತೆಗೆದುಬಿಟ್ಟಳು. ಕಥೆಯ ತಟ್ಟೆ ಏರಿದರೆ ಕಾಳಗದ್ದು ಇಳಿಯುವುದನ್ನೇ ಅವಳು ಆರು ವರ್ಷ ನೋಡಿದ್ದಳು. ಇಲ್ಲಿ ಎರಡೂ ತಟ್ಟೆ ಒಟ್ಟಿಗೇ ಏರುತ್ತಿದ್ದವು. ಹೊಡೆಯುವಾಗ ಮೌನಪ್ಪನ ಕಣ್ಣಲ್ಲಿ ನೀರು ಇಳಿಯುತ್ತಿದ್ದುದನ್ನೂ ಅವಳು ನೋಡಿದ್ದಳು. ಅದಕ್ಕೆ ತೆರೆಯ ಮೇಲೆ 'ತನ್ಮಯತೆ' ಎಂಬ ಗುರುತಿತ್ತು. ಅದನ್ನೇ ಒತ್ತಿದ್ದಳು.

ಅರವತ್ತಮೂರನೆಯ ದಿನ ಕೊನೆಯವನಾಗಿ ಬಂದ ಸೈನಿಕನ ಹೆಗಲ ಮೇಲೆ ಕತ್ತಿ ಇರಲಿಲ್ಲ, ಬಾಚಿ ಇತ್ತು.

"ನಾನು ಹೊಳೆಹೊಸೂರಿನ ಈರಣ್ಣ. ಬಡಿಗರ ವಿರೂಪಾಕ್ಷನ ಮಗ. ಬಾಗಿಲಿಗೆ ಚೌಕಟ್ಟು ಕೂಡಿಸುತ್ತಿದ್ದೆ, ಅರ್ಧ ಆಗಿತ್ತು. ಹಾಗೇ ಎಳೆದುಕೊಂಡು ಬಂದರು."

ಮೌನಪ್ಪನ ಎಡಗೈ ಇಳಿಯಲಿಲ್ಲ. ಶಿವಲೀಲಾ ಉಸಿರು ಹಿಡಿದು ನೋಡಿದಳು. ಕಟ್ಟಳೆಯ ಪ್ರಕಾರ ನಾಮಾಂಕಿತ ಆದ ಮೇಲೆ ಕಾದಲೇಬೇಕು. ಕೈ ಇಳಿಯಿತು. ಮೌನಪ್ಪ ಗಂಟಲೊಳಗೆ ಮುಲುಗುತ್ತಾ ಹೊಡೆದ. ಇಪ್ಪತ್ತು ಏಟು. ಹದಿನೇಳನೆಯದಕ್ಕೆ ಸಣ್ಣ ತೆರೆಯಲ್ಲಿ ಅದುವರೆಗೆ ಎಂದೂ ಬಾರದ ಒಂದು ಗೆರೆ ಮೇಲೆದ್ದಿತು. ಹೆಬ್ಬೆರಳು.

ಅವಳು ಕುರ್ಚಿಯಿಂದ ಎದ್ದು ಕೂಗಿಬಿಟ್ಟಳು. "ಕಾಳವ್ವಾ! ಹೆಬ್ಬಟ್ಟು ಬಂತ್ರಿ!"

ಕಾಳವ್ವ ಬಾಗಿಲಲ್ಲೇ ಇದ್ದಳು. ಅವಳ ಮುಖದಲ್ಲಿ ಹಿಗ್ಗು ಕಾಣಲಿಲ್ಲ. "ಒಂದ್ಸಲ ಮನೀಗೆ ಬರ್ರಿ ಆಟದಕ್ಕ" ಎಂದಳು.

ಮಾರನೆಯ ದಿನ ಶಿವಲೀಲಾ ಹೋದಾಗ ಪಡಸಾಲೆಯಲ್ಲಿ ಮೌನಪ್ಪ ಗೋಡೆಗೆ ಮುಖ ಮಾಡಿ ಕೂತಿದ್ದ. ಮುಂದೆ ಒಂದು ಬಿದಿರ ಬುಟ್ಟಿ, ಬುಟ್ಟಿ ತುಂಬ ಕಟ್ಟಿಗೆಯ ಬೆಣೆಗಳು. ಜೋಡಣೆ ಸಡಿಲಾದಲ್ಲಿ ಬಡಿಯಲು ಬಡಿಗರು ಮಾಡಿಟ್ಟುಕೊಳ್ಳುವಂಥ ಬೆರಳುದ್ದದ ಬೆಣೆಗಳು. ಅವನು ಎಡಗೈಯಿಂದ ಒಂದೊಂದೇ ತೆಗೆದು ನೆಲಕ್ಕಿಡುತ್ತಿದ್ದ. ಒಂದಕ್ಕೊಂದು ಹೆಸರು. ಮಾತಿನಲ್ಲಿ ಅಲ್ಲ, ದೊಡ್ಡಾಟದ ಧಾಟಿಯಲ್ಲಿ, ಮೆಲ್ಲಗೆ, ಒಂದಕ್ಷರವೂ ತೊದಲದೆ:

"ಮುದ್ದಿನಕೊಪ್ಪದ ಮಾಳಿಂಗಾ… ಕರಿಭೀಮನ ಮಗನೇ… ಕುರಿಯ ಕಾಯುವವನೇ…"

ಶಿವಲೀಲಾ ಬಾಗಿಲಲ್ಲೇ ನಿಂತಳು. ಮಾತು ಹೋದವರಿಗೂ ಹಾಡು ಉಳಿದಿರುತ್ತದೆಂದು ಅವಳು ಓದಿದ್ದಳು, ಹಾಡಿಗೆ ಮಿದುಳಿನಲ್ಲಿ ಬೇರೆ ಓಣಿ ಇರುತ್ತದೆ. ಆದರೆ ಆ ಓಣಿಯಲ್ಲಿ ಹೀಗೆ ಒಬ್ಬರ ಹಿಂದೊಬ್ಬರು ನಡೆದು ಬರುತ್ತಾರೆಂದು ತಿಳಿದಿರಲಿಲ್ಲ.

"ಐನೂರ ಹನ್ನೆರಡು ಅದಾವ್ರಿ" ಎಂದಳು ಕಾಳವ್ವ. "ದಿನಾ ಮನೀಗೆ ಬಂದ ಕೂಡಲೇ ಅವತ್ತ ಬಿದ್ದವರಿಗೆ ಒಂದೊಂದು ಬೆಣಿ ಬುಟ್ಟಿಗೆ ಹಾಕ್ತಾರ. ಮೊದಲು ನಾನೂ ಹಿಗ್ಗಿದೆ, ಹಾಡು ಬಂತಲ್ಲ ಅಂತ. ಈಗ ಊಟ ಬಿಟ್ಟಾರ. ನನ್ನ ಹೆಸರು ಇನ್ನೂ ಅವರ ಬಾಯಾಗ ಬಂದಿಲ್ಲ. ಯಾರ ಯಾರವೋ ಬರ್ತಾವ." ಅವಳು ಶಿವಲೀಲಾಳ ಕಡೆ ತಿರುಗಿದಳು. "ನಾ ಹೇಳಿದ್ದು ಅರ್ಧಾ ಕೇಳಿ ಹೋದ್ರಿ ನೀವು. ಬಣ್ಣದ ಮನಿ ಎಲ್ಲೈತ್ರಿ ನಿಮ್ಮ ಆಟದಾಗ? ಹೊಡಿಸಿಕೊಂಡಾಂವ ಎದ್ದು ಬರಬೇಕು, ಮುಖಾ ತೊಳಕೊಬೇಕು, 'ಜೋರ ಹೊಡದ್ಯಲ್ಲೋ ಮಾರಾಯ' ಅಂತ ಬೈದು ಚಹಾ ಕುಡೀಬೇಕು. ನಿಮ್ಮಲ್ಲಿ ಒಬ್ಬಾಂವನೂ ಎದ್ದಿಲ್ಲ. ಈ ಮನಿಶಾ ಐನೂರು ಹೆಣ ತಲೀಮ್ಯಾಲೆ ಹೊತ್ತು ಕುಂತಾನ."

ಶಿವಲೀಲಾ ಅಲ್ಲಿಂದಲೇ ಧಾರವಾಡಕ್ಕೆ ಫೋನು ಮಾಡಿದಳು.

"ಎಬ್ಬಿಸಬಹುದು" ಎಂದರು ತರನ್ನುಮ್. "ಆದರ ಬ್ಯಾರೆ ಎರಡು ಕೇಂದ್ರದಾಗ ನೋಡೇವಿ. ಬಿದ್ದವರು ಏಳೂದನ್ನ ಕಂಡ ಮ್ಯಾಲೆ ಮರುದಿನದ ಏಟು ಪೊಳ್ಳ ಆಗ್ತಾವ. ಇದು ಸುಳ್ಳು ಅಂತ ಗೊತ್ತಾದ ಕೈ ಪೂರ್ತಿ ಏಳೂದಿಲ್ಲ. ಹೆಬ್ಬಟ್ಟಿನ ಗೆರಿ ನಿನ್ನೆ ಬಂದೈತಿ. ಇನ್ನ ಇಪ್ಪತ್ತಾರು ದಿನ ಹಿಂಗ ನಡದ್ರ ಗ್ಯಾರಂಟಿ ಕೂಡತದ."

"ಹೊಸಬರ ಮಾತಲ್ರಿ ಮೇಡಂ. ಈಗಾಗಲೇ ಸತ್ತವರದು."

"ಅವರು ಯಂತ್ರದಾಗ ಇಲ್ಲ, ಶಿವಲೀಲಾ. ದಿನಾ ಹುಟ್ಟಿಸ್ತದ, ದಿನಾ ಅಳಿಸ್ತದ. ನೆನಪಿನ್ಯಾಗ ಇಟ್ಕೊಂಡಾಂವ ಅವನೊಬ್ಬನ. ಅವನ ಬಾಯಿಂದ ಹೆಸರು ಕೇಳಿದ್ರ ಮತ್ತ ಕಟ್ಟತದ, ಒಬ್ಬೊಬ್ಬರಿಗೆ ಮೂರು ನಿಮಿಷ."

ದಿನಕ್ಕೆ ಒಂದು ತಾಸು, ಇಪ್ಪತ್ತು ಮಂದಿ. ಐನೂರ ಹನ್ನೆರಡಕ್ಕೆ ಇಪ್ಪತ್ತಾರು ದಿನ. ತೊಂಬತ್ತರೊಳಗೆ ಉಳಿದಿದ್ದದ್ದೂ ಅಷ್ಟೇ. ತೋಳುಚೀಲಕ್ಕೆ ಇನ್ನೂ ಏಳು ಮಂದಿ ಕಾದಿದ್ದರು, ತೊಂಬತ್ತೊಂದನೆಯ ದಿನ ಅದು ಬೇರೆಯವರ ಕೈಗೆ.

ಅವಳು ಗಂಡಹೆಂಡಿರ ಎದುರು ಕೂತು ಇದ್ದದ್ದನ್ನು ಇದ್ದಂತೆ ಹೇಳಿದಳು. ಎರಡರಲ್ಲಿ ಒಂದು. ಹೆಬ್ಬೆರಳೋ, ಬುಟ್ಟಿಯೋ.

ಕಾಳವ್ವ ತಟ್ಟನೆ ಅಂದಳು: "ಹೆಬ್ಬಟ್ಟ ಬರ್ಲಿ. ಅವರು ಹೆಂಗೂ ಸತ್ತಾರ, ಒಂದಿಷ್ಟ ದಿನ ಬಿದ್ದಿರಲಿ. ಇವರು ಬಾಚಿ ಹಿಡದ್ರ ತಾನ ಮರೀತಾರ." ಅಂದವಳೇ ಗಂಡನ ಕಡೆ ನೋಡಲಾರದೆ ಒಲೆಯ ಮುಂದೆ ಹೋಗಿ ಕೂತಳು.

ಶಿವಲೀಲಾಳ ಮನಸ್ಸೂ ಅದನ್ನೇ ಬಯಸಿತ್ತು. ಆರು ವರ್ಷದಲ್ಲಿ ಹೆಬ್ಬೆರಳಿನ ಗೆರೆ ಕಂಡದ್ದು ಇದೇ ಮೊದಲು. "ನಾಳೆ ಎಂದಿನಂಗ ಬರ್ರಿ ಯಜಮಾನ್ರ" ಎಂದಳು.

ಮೌನಪ್ಪ ಎಡಗೈ ಎತ್ತಿದ. ಅಂಗೈ ಅವಳ ಕಡೆಗಿತ್ತು. ಆ ಕೈ ಅಂಜಿಕೆಯದಲ್ಲ ಎಂದು ಈಗ ಅವಳಿಗೆ ಗೊತ್ತಿತ್ತು. ಅವನು ಮುಂದಿದ್ದ ಬುಟ್ಟಿಯನ್ನು ಬಲಗೈಯ ನಾಲ್ಕು ಬೆರಳಿನಿಂದ, ಇಂಚಿಂಚಾಗಿ, ಅವಳ ಕಡೆಗೆ ದೂಡಿದ.

ಮರುದಿನದಿಂದ ಕೋಟೆಯ ಮುಂದೆ ಕಾಳಗ ನಿಂತಿತು. ಅಗಸಿಯ ಪಕ್ಕ ತರನ್ನುಮ್ ಒಂದು ಚಪ್ಪರ ಕಟ್ಟಿಸಿದ್ದರು, ಒಂದು ನೀರಿನ ಹರವಿ, ಮೂರು ಕಲ್ಲಿನ ಒಲೆ. ಮೌನಪ್ಪ ಒಂದು ಬೆಣೆ ತೆಗೆದು ಹಾಡುತ್ತಿದ್ದ. ಬಯಲಲ್ಲಿ ಬಿದ್ದವನೊಬ್ಬ ಮೊಣಕಾಲೂರಿ ಏಳುತ್ತಿದ್ದ, ಮುಖ ತೊಳೆಯುತ್ತಿದ್ದ, ಚಪ್ಪರಕ್ಕೆ ಹೋಗಿ ಕೂರುತ್ತಿದ್ದ. ಮೌನಪ್ಪ ಕೈ ಜೋಡಿಸುತ್ತಿದ್ದ. ಬಲಗೈ ಎದೆಯವರೆಗೆ ಬಂದು ಅಲ್ಲೇ ಜೋಲುತ್ತಿತ್ತು, ಎಡಗೈ ಅದನ್ನು ಅರಸಿಕೊಂಡು ಹೋಗುತ್ತಿತ್ತು. ಶಿವಲೀಲಾಳ ತೆರೆಯಲ್ಲಿ ಎಣಿಕೆ ಸೊನ್ನೆ. ಎರಡನೆಯ ದಿನವೂ ಸೊನ್ನೆ. ಹೆಬ್ಬೆರಳಿನ ಗೆರೆ ವಾರದಲ್ಲಿ ಚಪ್ಪಟೆಯಾಯಿತು, ಎರಡನೆಯ ವಾರದಲ್ಲಿ ಇಲ್ಲವಾಯಿತು. 'ತನ್ಮಯತೆ' ಒತ್ತುವ ಹಾಗಿರಲಿಲ್ಲ. ಆಟವೇ ನಡೆದಿಲ್ಲವೆಂದು ಯಂತ್ರ ದಿನಾ ಬರೆದುಕೊಳ್ಳುತ್ತಿತ್ತು.

ಮೌನಪ್ಪ ಊಟ ಮಾಡತೊಡಗಿದ. ನೂರು ಬೆಣೆ ಕಳೆದ ಮೇಲೆ ಹಾಡು ಅಲ್ಲಲ್ಲಿ ಒಡೆದು ಮಾತಾಗತೊಡಗಿತು. "ತಪ್ಪಾತು" ಎಂದ ಒಂದು ದಿನ, ನೇಕಾರ ದಾನಪ್ಪನಿಗೆ. ಕಾಳವ್ವ ಬಾಗಿಲಲ್ಲಿ ಕೂತು ಕೇಳುತ್ತಿದ್ದಳು. ತನ್ನ ಹೆಸರಿನ ಪಾಳಿಯೂ ಬರುತ್ತದೆಂದು ಕಾದಂತಿತ್ತು. ಇನ್ನೂ ಬಂದಿರಲಿಲ್ಲ.

ತೊಂಬತ್ತನೆಯ ದಿನ ಬುಟ್ಟಿಯಲ್ಲಿ ಹನ್ನೆರಡು ಬೆಣೆ. ಕೊನೆಯದು ಹೊಳೆಹೊಸೂರಿನ ಈರಣ್ಣನದು. ಅವನು ಎದ್ದು, ಬಾಚಿಯ ಮೇಲಿನ ಮಣ್ಣು ಒರೆಸಿ, ಹೆಗಲಿಗಿಟ್ಟುಕೊಂಡು ಚಪ್ಪರದೊಳಗೆ ಹೋದ. ಅರ್ಧ ಉಳಿದ ಚೌಕಟ್ಟಿನ ಕಡೆಗೆ ಹೊರಟವನ ಹಾಗೆ ಅವಸರವಿತ್ತು ಅವನಿಗೆ. ಮೌನಪ್ಪ ಅವನ ಬೆನ್ನನ್ನು ಬಹಳ ಹೊತ್ತು ನೋಡಿದ. ಪರದೆ ಕಪ್ಪಾಯಿತು.

ಶಿವಲೀಲಾ ತೋಳುಚೀಲ ಬಿಚ್ಚಿದಳು. ವರದಿಯ ಕೊನೆಯ ಸಾಲಿನಲ್ಲಿ 'ಹೆಬ್ಬೆರಳು: ಚಲನೆ ಇಲ್ಲ. ಚಿಕಿತ್ಸೆ: ವಿಫಲ' ಎಂದಿತ್ತು. ಅವಳು ಸಹಿ ಮಾಡಲು ಪೆನ್ನು ತೆಗೆದಳು. ತಾನು ಮೊದಲ ಇಪ್ಪತ್ತೊಂದು ದಿನ ಕೆಡಿಸದಿದ್ದರೆ ಎರಡಕ್ಕೂ ದಿನ ಸಾಲುತ್ತಿದ್ದವೇನೋ ಎಂಬ ಲೆಕ್ಕ ಅವಳ ತಲೆಯಲ್ಲಿ ವಾರದಿಂದ ಕೊರೆಯುತ್ತಿತ್ತು. ಅದನ್ನು ಬರೆಯಲು ವರದಿಯಲ್ಲಿ ಜಾಗವಿರಲಿಲ್ಲ.

ತಲೆ ಎತ್ತಿದಾಗ ಮೌನಪ್ಪ ಮೇಜಿನ ಆಚೆ ನಿಂತಿದ್ದ. ಎಡಗೈ ಮೇಲೆತ್ತಿ, ಅಂಗೈ ತೋರಿಸಿ.

"ಯಾರು… ನೀವು?" ಎಂದ. ಹಾಡಲ್ಲ, ಮಾತು. ಒಂದೊಂದೇ ಶಬ್ದ ಭಾರದ ಕಲ್ಲಿನಂತೆ ಎತ್ತಿ ಇಟ್ಟ. "ಹೆಸರು… ಹೇಳ್ರಿ."

ಕಾಳವ್ವ ಗಾಬರಿಯಾಗಿ ಎದ್ದಳು. "ಅಯ್ಯ, ಆಟದಕ್ಕ ಅಲ್ಲೇನ್ರೀ…"

ಕೈ ಇಳಿಯಲಿಲ್ಲ. ಐನೂರ ಹನ್ನೆರಡು ಮಂದಿ ನಿಂತ ಜಾಗದಲ್ಲಿ ಈಗ ತಾನಿದ್ದೇನೆ ಎಂದು ಶಿವಲೀಲಾಳಿಗೆ ಹೊಳೆಯಿತು. ನಾಮಾಂಕಿತ ಹೇಳಿದ ಮೇಲೆ ಏನಾಗುತ್ತದೆ ಎಂಬುದೂ ಗೊತ್ತಿತ್ತು. ಅವಳು ಪೆನ್ನು ಕೆಳಗಿಟ್ಟು ಎದ್ದು ನಿಂತಳು.

"ಶಿವಲೀಲಾ. ಹಡಪದ ಬಸಲಿಂಗಪ್ಪನ ಮಗಳು. ಊರು ಕಳ್ಳಿಮಟ್ಟಿ. ನಿಮ್ಮನ್ನ ಕಾದಾಕ ಹಚ್ಚಿದಾಕಿ ನಾನ."

ಎಡಗೈ ಮೆಲ್ಲಗೆ ಕೆಳಗಿಳಿಯಿತು. ಬಲ ಭುಜ ಅದುರಿತು, ಆಸರೆಗೆ ತೋಳುಚೀಲವಿಲ್ಲದೆ. ಅವಳು ಕಣ್ಣು ಮುಚ್ಚಲಿಲ್ಲ.

ಬಲಗೈ ಎದ್ದು ಮೇಜಿನ ಮೇಲೆ ಬಿತ್ತು. ಕಾಳವ್ವ ಅವನಿಗೆಂದು ಬಗ್ಗಿಸಿಟ್ಟಿದ್ದ ಚಹದ ಲೋಟ ಅಲ್ಲಿತ್ತು. ಹಿಡಿಯಲು ಹೆಬ್ಬೆರಳಿಲ್ಲ. ನಾಲ್ಕು ಬೆರಳನ್ನು ಲೋಟದ ಹಿಂದೆ ಆನಿಸಿ ಅವನು ಅದನ್ನು ದೂಡಿದ. ಲೋಟ ವರದಿಯ ಹಾಳೆಯ ಮೇಲೆ ಕೆರೆಯುತ್ತಾ, ತುಳುಕುತ್ತಾ, ಅರ್ಧ ಚೆಲ್ಲಿ, ಅವಳ ಮುಂದೆ ಬಂದು ನಿಂತಿತು.

"ಕುಡೀರಿ" ಎಂದ ಮೌನಪ್ಪ.